ಬಳೆ ಅಂಗಡಿಯ ಸಣ್ಣ ಗೇಜು

ಕಳೆದ ತಿಂಗಳು ಅಂಗಡಿಯ ಹಿಂದಿನ ಕೋಣೆಯ ಹಳೇ ರ‍್ಯಾಕು ತೆಗೆಸಿ ಹೊಸದು ಹಾಕಿಸಿದೆ. ಬಡಗಿ ರ‍್ಯಾಕನ್ನು ಗೋಡೆಯಿಂದ ಈಚೆಗೆ ಎಳೆದಾಗ ಅದರ ಹಿಂದೆ ಎಷ್ಟೋ ವರ್ಷದಿಂದ ಬಿದ್ದಿದ್ದ ಸಾಮಾನೆಲ್ಲ ಹೊರಬಂತು. ಒಡೆದ ಬಳೆಚೂರು, ತುಕ್ಕು ಹಿಡಿದ ಹೇರ್‌ಪಿನ್ನು, ಬಣ್ಣ ಹೋದ ರಿಬ್ಬನ್ನು, ಒಣಗಿದ ಒಂದು ಹಲ್ಲಿ. ಅವುಗಳ ನಡುವೆ ಪ್ಲಾಸ್ಟಿಕ್ಕಿನ ಪುಟ್ಟ ತುಂಡೊಂದಿತ್ತು. ಬಡಗಿ ಅದನ್ನೂ ಗುಡಿಸಿ ಹಾಕಲು ಹೊರಟಿದ್ದ. ನಾನು ಬಾಗಿ ಎತ್ತಿಕೊಂಡು ಸೆರಗಿನಿಂದ ಒರೆಸಿದೆ. ಕಿರುಬೆರಳಿನ ಉಗುರಿನಷ್ಟು ಅಗಲದ ಎರಡು ಕಿಟಕಿಗಳು, ಒಂದರ ಪಕ್ಕ ಒಂದು. ಎರಡು ತುದಿಯಲ್ಲೂ ಗರಗಸ ಓಡಿದ ಗುರುತು.

"ಏನಕ್ಕಾ ಅದು?" ಎಂದು ಬಡಗಿ ಕೇಳಿದ.

"ರೈಲು ಡಬ್ಬಿಯ ನಡು" ಎಂದೆ.

ಅವನು ನನ್ನನ್ನೊಮ್ಮೆ ನೋಡಿ ಕೆಲಸಕ್ಕೆ ತಿರುಗಿದ. ನಾನು ಮಾತ್ರ ಅಂಗಡಿಗೆ ಹೋಗಿ ಕೂತ ಮೇಲೂ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡೇ ಇದ್ದೆ. ನನಗೆ ರೈಲು ತಾತ ನೆನಪಾಗಿದ್ದರು.

ಮಧುಗಿರಿ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ಬರುವ ರಸ್ತೆಯಲ್ಲಿ ನನ್ನದು ಬಳೆ, ಕ್ಲಿಪ್ಪು, ಉಗುರುಬಣ್ಣ, ಹಣೆಗಿಡುವ ಸ್ಟಿಕ್ಕರುಗಳ ಅಂಗಡಿ. ಅಲ್ಲಿಗೆ ಗಂಡಸರು ಬರುವುದು ಹೆಂಡತಿಯ ಹಿಂದೆ, ಅದೂ ಬಾಗಿಲವರೆಗೆ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, "ಉಗುರುಬಣ್ಣ ತೆಗೆಯೋ ನೀರು ಒಂದು ಬಾಟ್ಲಿ ಕೊಡಮ್ಮ. ದೊಡ್ಡದು" ಎಂದು ಕೇಳಿದ ಮೊದಲ ಗಂಡಸು ಅವರು. ಎಪ್ಪತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಖಾಕಿ ಶರ್ಟು, ಬಿಳಿ ಪಂಚೆ. ಅಂಗಡಿಯಲ್ಲಿದ್ದ ಹುಡುಗಿಯರು ಬಾಯಿಗೆ ವೇಲು ಅಡ್ಡ ಇಟ್ಟುಕೊಂಡು ನಕ್ಕರು. ಅವರಿಗೆ ಬೇಜಾರಾಗಲಿಲ್ಲ. ತಾವೂ ನಕ್ಕರು. ಎರಡು ದಿನ ಬಿಟ್ಟು ಮತ್ತೆ ಬಂದರು. ಆ ಸಲ ಮುಖ ಸಪ್ಪಗಿತ್ತು. ಜೇಬಿನಿಂದ ಕರವಸ್ತ್ರ ತೆಗೆದು ಕೌಂಟರಿನ ಮೇಲೆ ಬಿಡಿಸಿದರು. ಒಳಗೆ ಬಿಸಿಲಿಗಿಟ್ಟ ಬೆಲ್ಲದ ಹಾಗೆ ಕರಗಿ ಸೊಟ್ಟಗಾಗಿದ್ದ ಏನೋ ಒಂದು.

"ನಿನ್ನ ನೀರು ನನ್ನ ರೈಲ್ನೇ ತಿಂದ್ಬುಡ್ತು ಕಣಮ್ಮ" ಎಂದರು.

ನಮ್ಮ ಪರಿಚಯವಾದದ್ದು ಹೀಗೆ.

ಅವರು ಒಂದು ಕಾಲಕ್ಕೆ ರೈಲು ಡಬ್ಬಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಬೇರೆ ಜಿಲ್ಲೆಯ ಕಡೆ, ಗುಡ್ಡಗಳ ನಡುವೆ ಓಡುತ್ತಿದ್ದ ಒಂದು ಸಣ್ಣ ಗೇಜಿನ ಲೈನು. ಹಳಿಗಳ ನಡುವಿನ ಅಂತರ ಕಡಿಮೆ, ಡಬ್ಬಿಗಳೂ ಸಣ್ಣವು, ವೇಗವೂ ಅಷ್ಟಕ್ಕಷ್ಟೆ. ಇಳಿದು ನಡೆದರೂ ಜೊತೆಗೇ ಹೋಗಬಹುದಿತ್ತು ಎನ್ನುತ್ತಿದ್ದರು. ಆ ಲೈನನ್ನು ಕಿತ್ತು ದೊಡ್ಡದು ಹಾಕಿ ಎಷ್ಟೋ ವರ್ಷವಾಗಿತ್ತು. ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಅವರು ಮಧುಗಿರಿಯಲ್ಲಿ ಮಗಳ ಮನೆಗೆ ಬಂದಿದ್ದರು. ಮಗಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ನಮ್ಮೂರಿಗೆ ರೈಲು ಬರುತ್ತದೆ ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಅದು ಬರುವ ಮೊದಲೇ ತಾತ ತಮ್ಮದೊಂದನ್ನು ತರಲು ಹೊರಟಿದ್ದರು.

ಬೆಂಗಳೂರಿನಲ್ಲಿ ಭಾನುವಾರ ರಸ್ತೆಬದಿ ಹಳೇ ಸಾಮಾನು ಮಾರುವ ಕಡೆ ಅವರಿಗೆ ಒಂದು ಪೆಟ್ಟಿಗೆ ಸಿಕ್ಕಿತ್ತು. ಯಾವುದೋ ಹೊರದೇಶದಲ್ಲಿ ಮಾಡಿದ ಆಟಿಕೆ ರೈಲು. ಹಸಿರು ಬಣ್ಣದ ನಾಲ್ಕು ಡಬ್ಬಿ, ಮೋಟಾರು ಸುಟ್ಟ ಒಂದು ಎಂಜಿನ್. ಹಳಿಯ ಅಂತರ ಹೆಬ್ಬೆರಳಿನಗಲ. ಅದು ದೊಡ್ಡ ಗೇಜಿನ ರೈಲು. ತಾತನಿಗೆ ಬೇಕಾದದ್ದು ಸಣ್ಣ ಗೇಜು. ಅದಕ್ಕೆ ಅವರೊಂದು ಉಪಾಯ ಮಾಡಿದ್ದರು. ಇನ್ನೂ ಚಿಕ್ಕ ಅಳತೆಯ ಮತ್ತೊಂದು ಆಟಿಕೆ ರೈಲನ್ನು ತಂದು, ಅದರ ಚಕ್ರ, ಹಳಿ, ಮೋಟಾರು ಮಾತ್ರ ಇಟ್ಟುಕೊಳ್ಳುವುದು. ಆ ಹಳಿಯ ಅಂತರ ಕಿರುಬೆರಳಿನಗಲ. ದೊಡ್ಡ ರೈಲಿನ ಡಬ್ಬಿಯನ್ನು ಅಡ್ಡಕ್ಕೆ ಕೊಯ್ದು, ನಡುವಿನ ಎರಡು ಕಿಟಕಿಯಷ್ಟು ತೆಗೆದುಹಾಕಿ, ಉಳಿದ ಎರಡು ತುದಿಗಳನ್ನು ಅಂಟಿಸಿ ಕುಳ್ಳಗೆ ಮಾಡುವುದು. ಆಮೇಲೆ ಅದನ್ನು ಚಿಕ್ಕ ಚಕ್ರಗಳ ಮೇಲೆ ಕೂರಿಸುವುದು. ಒಳಗೆ ಕೂರುವ ಮನುಷ್ಯನ ಅಳತೆ ಅಷ್ಟೇ ಇರುತ್ತದೆ, ಹಳಿ ಮಾತ್ರ ಕಿರಿದಾಗುತ್ತದೆ. ಅಲ್ಲಿಗೆ ದೊಡ್ಡ ಗೇಜು ಸಣ್ಣ ಗೇಜಾಗುತ್ತದೆ.

ಈ ಕೆಲಸಕ್ಕೆ ಮೊದಲು ಹಳೇ ಹಸಿರು ಬಣ್ಣ ತೆಗೆಯಬೇಕಿತ್ತು. ನನ್ನ ಉಗುರುಬಣ್ಣದ ನೀರು ಬಣ್ಣದ ಜೊತೆ ಡಬ್ಬಿಯನ್ನೂ ಕರಗಿಸಿತ್ತು. ನಾಲ್ಕರಲ್ಲಿ ಉಳಿದದ್ದು ಮೂರು. ನನಗೆ ಅಯ್ಯೋ ಅನಿಸಿ, ಪಕ್ಕದ ಗ್ಯಾರೇಜಿನವನನ್ನು ಕೇಳಿದೆ. ಬ್ರೇಕ್ ಆಯಿಲ್ ಬಿದ್ದರೆ ಗಾಡಿಯ ಪೇಂಟು ಎದ್ದು ಬರುತ್ತದೆ ಎಂದು ಅವನು ಹೇಳಿದ. ತಾತ ಒಂದು ಡಬ್ಬಿಯನ್ನು ಅದರಲ್ಲಿ ಒಂದು ದಿನ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಹಸಿರು ಬಣ್ಣ ಸಿಪ್ಪೆಯ ಹಾಗೆ ಸುಲಿದು ಬಂತು. ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ಆ ದಿನ ಅವರು ಅಂಗಡಿಗೆ ಬಂದು ಇಡೀ ಬೀದಿಗೆ ಕೇಳುವ ಹಾಗೆ ಅದನ್ನು ವರ್ಣಿಸಿದರು.

ಮನೆಯಲ್ಲಿ ಮಾತ್ರ ತೊಂದರೆ ಶುರುವಾಯಿತು. ಟರ್ಪೆಂಟೈನು, ಅಂಟು, ಬ್ರೇಕ್ ಆಯಿಲಿನ ವಾಸನೆಗೆ ಮಗಳು ರೋಸಿಹೋದಳು. "ಡ್ಯೂಟಿಯಲ್ಲೂ ಸ್ಪಿರಿಟ್ಟು, ಮನೆಯಲ್ಲೂ ಸ್ಪಿರಿಟ್ಟು. ನಾನೆಲ್ಲಿಗೆ ಹೋಗ್ಲಿ?" ಎಂದು ನನ್ನ ಅಂಗಡಿಗೇ ಬಂದು ದೂರಿದಳು. ನನ್ನ ಹಿಂದಿನ ಕೋಣೆಯಲ್ಲಿ ಒಂದು ಕಿಟಕಿ, ಒಂದು ಮೇಜು ಇತ್ತು. ಇಲ್ಲೇ ಮಾಡಿಕೊಳ್ಳಲಿ ಬಿಡು ಎಂದೆ. ಒಂದು ವಾರದ ಮಾತು ಅಂದುಕೊಂಡಿದ್ದೆ. ಅದು ವರ್ಷಗಟ್ಟಲೆ ನಡೆಯಿತು...

ಆ ಕೋಣೆಗೆ ಬಂದ ಮೇಲೆ ನನ್ನ ಅಂಗಡಿಯ ಸಾಮಾನೆಲ್ಲ ಅವರ ಕಣ್ಣಿಗೆ ರೈಲಾಗಿಯೇ ಕಾಣತೊಡಗಿತು. ಹೇರ್‌ಪಿನ್ನು ಬಾಗಿಲ ಹಿಡಿಯಾಯಿತು. ಮಣಿ ಹಿಂದಿನ ದೀಪವಾಯಿತು. ಉದ್ದನೆಯ ಲಿಪ್‌ಸ್ಟಿಕ್ ಕೊಳವೆಯೊಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಒಳಗಿರೋ ಕೆಂಪು ನೀನೇ ಹಚ್ಕೊ ತಾಯಿ, ನನಗೆ ಡಬ್ಬ ಕೊಟ್ಟುಬುಡು" ಎಂದರು. ಅದು ಎಂಜಿನ್ನಿನ ಬಾಯ್ಲರಾಯಿತು. ಅರ್ಧ ಜುಮುಕಿ ಅದರ ಮೇಲಿನ ಗುಮ್ಮಟವಾಯಿತು. ಬಣ್ಣ ಸಿಂಪಡಿಸಲು ಖಾಲಿ ಸೆಂಟು ಬಾಟಲಿ ಇತ್ತು. ಎಷ್ಟು ತೊಳೆದರೂ ಅದರ ಮಲ್ಲಿಗೆ ವಾಸನೆ ಹೋಗಲಿಲ್ಲ. ಹಾಗಾಗಿ ಮೊದಲನೆಯ ಡಬ್ಬಿ ಎಷ್ಟೋ ದಿನ ಮದುವೆ ಮನೆಯ ಹಾಗೆ ಘಮಘಮಿಸುತ್ತಿತ್ತು.

ಬಣ್ಣದ ವಿಷಯಕ್ಕೆ ಬಂದರೆ ಅವರು ಬೇರೆಯೇ ಮನುಷ್ಯ. ನಗು ನಿಂತುಹೋಗುತ್ತಿತ್ತು. ಆ ಲೈನಿನ ಡಬ್ಬಿಗಳದ್ದು ಸುಟ್ಟ ಇಟ್ಟಿಗೆಯ ಕೆಂಪಂತೆ. ಕೆಂಪಿಗೆ ಕಪ್ಪು, ಕಪ್ಪಿಗೆ ಚೂರು ಹಳದಿ ಬೆರೆಸಿ, ನನ್ನ ಬಳೆ ಪೆಟ್ಟಿಗೆಗಳ ಮುಚ್ಚಳದ ಮೇಲೆ ಪಟ್ಟೆ ಎಳೆದು ಕಿಟಕಿಯ ಬಿಸಿಲಿಗಿಡುತ್ತಿದ್ದರು. ಹಸಿಯಾಗಿದ್ದಾಗ ಕಾಣುವ ಬಣ್ಣವನ್ನು ನಂಬಬಾರದು, ಒಣಗಿದ ಮೇಲೆ ನೋಡಬೇಕು ಎನ್ನುತ್ತಿದ್ದರು. ಸರಿಯಾದ ಕೆಂಪು ಬಂದ ಮೇಲೂ ಅದಕ್ಕೆ ಒಂದು ತೊಟ್ಟು ಬಿಳಿ ಹಾಕಿದರು. ಯಾಕೆಂದು ಕೇಳಿದೆ. "ದೊಡ್ಡ ಡಬ್ಬಿ ಮ್ಯಾಲೆ ಹಾಕೋ ಬಣ್ಣನೇ ಸಣ್ಣದರ ಮ್ಯಾಲೆ ಹಾಕುದ್ರೆ ಕಪ್ಪಗೆ ಕಾಣ್ತದೆ ಕಣಮ್ಮ. ಕಣ್ಣಿಗೆ ಮೋಸ ಮಾಡ್ಬೇಕು" ಎಂದರು.

ಆದರೆ ಅವರ ಬಲಗೈ ನಡುಗುತ್ತಿತ್ತು. ಕೊಯ್ಯುವುದು, ಉಜ್ಜುವುದು, ಸಿಂಪಡಿಸುವುದು ನಡೆಯುತ್ತಿತ್ತು. ಡಬ್ಬಿಯ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಅಕ್ಷರ ಬರೆಯುವುದು ಆಗುತ್ತಿರಲಿಲ್ಲ. ಮೂರು ಸಲ ಬರೆದು ಮೂರು ಸಲ ಒರೆಸಿದ್ದನ್ನು ನಾನು ಕೌಂಟರಿನಿಂದಲೇ ನೋಡುತ್ತಿದ್ದೆ. ನಾನು ಮದುವೆ ಹೆಣ್ಣುಗಳ ಉಗುರಿನ ಮೇಲೆ ಹೂಬಳ್ಳಿ ಬರೆದು ರೂಢಿಯಿದ್ದವಳು. ನಾಲ್ಕೇ ಕೂದಲಿನ ಬ್ರಷ್ಷು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಉಸಿರು ಬಿಗಿಹಿಡಿದು "ಮಹಿಳೆಯರಿಗೆ" ಎಂದು ಬರೆದೆ. ತಾತ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು.

"ಇಲಾಖೆ ನಿನ್ನಂಥೋಳ್ನ ತಗೋಬೇಕಿತ್ತು" ಎಂದರು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಮೂರು ಡಬ್ಬಿ ಮುಗಿದವು. ಎಂಜಿನ್ ಹತ್ತಿರ ಬಂದು ಕೆಲಸ ನಿಂತಿತು. ತಾತ ಡಬ್ಬಿಗಳ ಮನುಷ್ಯ. ಎಂಜಿನ್ ಅವರಿಗೆ ದೂರದಿಂದ ಮಾತ್ರ ಗೊತ್ತು. ಗುಮ್ಮಟ ಒಂದಿತ್ತೋ ಎರಡೋ, ಚಕ್ರಗಳನ್ನು ಕೂಡಿಸುವ ರಾಡು ಯಾವ ಕಡೆ ಹೇಗೆ ಬರುತ್ತದೆ, ಡ್ರೈವರು ನಿಲ್ಲುವ ಜಾಗದ ಒಳಬಣ್ಣ ಯಾವುದು, ಒಂದೂ ಖಚಿತವಿರಲಿಲ್ಲ. ದಿನಗಟ್ಟಲೆ ಅದನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಗೊತ್ತಿರುವವರು ಯಾರೂ ಇಲ್ಲವೇ ಎಂದು ಕೇಳಿದರೆ, "ಅವ್ನೆ ಒಬ್ಬ. ಸತ್ರೂ ಕೇಳಲ್ಲ" ಎಂದು ಮುಖ ತಿರುಗಿಸಿದರು.

ಮಿಕ್ಕದ್ದನ್ನು ಮಗಳು ಹೇಳಿದಳು. ಆ ರೈಲಿನ ಡ್ರೈವರು ಬೇರೆ ಯಾರೂ ಅಲ್ಲ, ಅವಳ ಸೋದರಮಾವ, ತಾತನ ಹೆಂಡತಿಯ ತಮ್ಮ. ಪಾವಗಡದ ಆಚೆ ಬಲಸಮುದ್ರದಲ್ಲಿದ್ದರು. ತಾತ ತಾವು ಬಣ್ಣ ಹಾಕಿದ ಪ್ರತಿ ಡಬ್ಬಿಯಲ್ಲೂ ಮೆಟ್ಟಿಲ ಕೆಳಗೆ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಹಾಗೆ, ಒಂದು ಕನಕಾಂಬರ ಹೂ ಬರೆಯುತ್ತಿದ್ದರಂತೆ. ಹೆಂಡತಿ ದಿನವೂ ಮುಡಿಯುತ್ತಿದ್ದ ಹೂ. ಈ ಗುಟ್ಟು ಗೊತ್ತಿದ್ದದ್ದು ಭಾಮೈದನೊಬ್ಬನಿಗೆ. ತಪಾಸಣೆಯ ದಿನ ಅವನು ಎಲ್ಲರ ಮುಂದೆ ದೊಡ್ಡ ಸಾಹೇಬರಿಗೆ ಅದನ್ನು ಹೇಳಿಬಿಟ್ಟ. ಸಾಹೇಬರು ಬಗ್ಗಿ ನೋಡಿ, ಅಷ್ಟೂ ಡಬ್ಬಿಗಳ ಹೂವನ್ನು ಅಲ್ಲೇ, ಆಗಲೇ, ತಾತನ ಕೈಯಿಂದಲೇ ಕೆರೆಸಿದರಂತೆ. ಉಳಿದ ಕೆಲಸಗಾರರು ಸುತ್ತ ನಿಂತು ನೋಡುತ್ತಿದ್ದರು... ಅವತ್ತಿನಿಂದ ಮಾತಿಲ್ಲ. ಹೆಂಡತಿ ಇರುವವರೆಗೆ ಅವರ ಮೂಲಕ ಮಾತು ಹೋಗಿಬಂದು ಮಾಡುತ್ತಿತ್ತು. ಅವರು ಹೋದ ಮೇಲೆ ಅದೂ ನಿಂತಿತ್ತು.

ನಾನು ಮಾಡಿದ್ದು ತಪ್ಪೋ ಸರಿಯೋ ಆಗ ಯೋಚಿಸಲಿಲ್ಲ. ಒಂದು ಭಾನುವಾರ ನಮ್ಮ ಯಜಮಾನರನ್ನು ಅಂಗಡಿಯಲ್ಲಿ ಕೂರಿಸಿ, ಎಂಜಿನ್ನನ್ನು ಹತ್ತಿಯಲ್ಲಿ ಸುತ್ತಿ ಬಳೆ ಪೆಟ್ಟಿಗೆಯಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ಪೆಟ್ಟಿಗೆಯನ್ನು ಮಡಿಲಲ್ಲಿ ಹಿಡಿದ ರೀತಿ ನೋಡಿ ಕಂಡಕ್ಟರಿಗೆ ಕುತೂಹಲವಾಯಿತು.

"ಏನಮ್ಮಾ, ಕೋಳಿಮರಿನಾ?"

"ಅಲ್ಲಪ್ಪ, ರೈಲು ಎಂಜಿನ್ನು."

"ಅಂಗಾದ್ರೆ ನಾವೇ ನಿಮ್ಮ ಹಿಂದೆ ಬರ್ಬೇಕಿತ್ತು" ಎಂದು ಅವನು ಟಿಕೆಟ್ ಹರಿದುಕೊಟ್ಟ. ಮಿಡಿಗೇಶಿ ದಾಟುವವರೆಗೂ ಬಸ್ಸಿನಲ್ಲಿ ಅದೇ ಮಾತು. ಹಿಂದಿನ ಸೀಟಿನ ಹೆಂಗಸೊಬ್ಬಳು ಪೆಟ್ಟಿಗೆ ತೆಗೆಸಿ ನೋಡಿಯೇ ಬಿಟ್ಟಳು.

ಪಾವಗಡದಲ್ಲಿ ಬಸ್ಸು ಬದಲಿಸಿ ಬಲಸಮುದ್ರದಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಕಣ್ಣು ಹಾಯುವವರೆಗೂ ಹೊಲಗಳಲ್ಲಿ ಸೋಲಾರ್ ಹಲಗೆಗಳು. ಡ್ರೈವರು ಮಾವ ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಎತ್ತರದ ಆಳು, ದೊಡ್ಡ ಮೀಸೆ, ದೊಡ್ಡ ದನಿ, ತೆಲುಗು ಬೆರೆತ ಮಾತು. ಅವರ ಹೊಲವೂ ಹಲಗೆಗಳಿಗೇ ಹೋಗಿತ್ತು. "ರಾ ತಲ್ಲಿ, ಕೂಕೋ. ನಾವು ಬಿಸಿಲು ಮಾರ್ಕೊಂಡು ಕೂತಿರೋರು, ನೆರಳು ಮಾತ್ರ ಬಿಟ್ಟಿ" ಎಂದು ಚಾಪೆ ಹಾಸಿದರು. ನಾನು ಕೂತು ಪೆಟ್ಟಿಗೆ ತೆರೆದೆ.

ಅವರು ಎಂಜಿನ್ನನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಮೊದಲು ನಕ್ಕರು. "ಚೂಡಮ್ಮ, ಇದು ಮುಂದಕ್ಕೆ ಹೋಗಲ್ಲ. ರಾಡ್ ತಲೆಕೆಳಗೆ ಹಾಕವ್ನೆ. ಗುಮ್ಮಟ ಇನ್ನೊಂದು ಬೇಕು, ಚಕ್ರ ಜಾರ್ದಂಗೆ ಹಳಿ ಮ್ಯಾಲೆ ಉದುರ್ಸಕ್ಕೆ ಅದ್ರಾಗೆ ಮರಳು ತುಂಬ್ತಿದ್ವಿ." ಬೆರಳು ಎಂಜಿನ್ನಿನ ಬದಿಯ ಬಣ್ಣದ ಮೇಲೆ ನಿಧಾನವಾಗಿ ಹರಿಯಿತು.

"ಇದು ಬಾವನ ಕೈ" ಎಂದರು.

ಹೌದೆಂದೆ. ಅವರು ಎಂಜಿನ್ನನ್ನು ಮೊಣಕಾಲ ಮೇಲಿಟ್ಟುಕೊಂಡು ಹೊಲದ ಕಡೆ ತಿರುಗಿದರು. ಆಮೇಲೆ, ನಾನು ಕೇಳದಿದ್ದರೂ, ಆ ದಿನದ ಕಥೆಯನ್ನು ತಾವೇ ಹೇಳಿದರು. ಸಾಹೇಬರು ಡಬ್ಬಿಯ ಬಣ್ಣ ನೋಡಿ ಭೇಷ್ ಎಂದಿದ್ದರಂತೆ. ಇವರಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಸಾರ್, ಇಷ್ಟೇ ಅಲ್ಲ, ನಮ್ಮಕ್ಕನಿಗೋಸ್ಕರ ಹೂವೂ ಬರೀತಾನೆ ಸಾರ್ ಅಂದ್ಬುಟ್ಟೆ. ಹೊಗಳಕ್ಕೆ ಅಂದಿದ್ದಮ್ಮ. ಚಾಡಿ ಅಲ್ಲ. ಅವ್ನು ಕೆರೀತಾ ಇದ್ರೆ ನನಗೆ ಎಂಜಿನ್ ಕೆಳಗೆ ಬಿದ್ದು ಸಾಯಣ ಅನ್ನಿಸ್ತು." ಇದನ್ನು ಹೇಳಲು ಎಷ್ಟೋ ಸಲ ಹೋಗಿದ್ದರಂತೆ. ಭಾವ ಬಾಗಿಲು ತೆರೆದಿರಲಿಲ್ಲ.

ಹೊರಡುವಾಗ ನಾನು ಕೈ ಚಾಚಿದೆ. ಅವರು ಎಂಜಿನ್ ಕೊಡಲಿಲ್ಲ. "ಇಲ್ಲೇ ಬುಡಮ್ಮ. ಸರಿ ಮಾಡ್ಕೊಂಡು ನಾನೇ ತರ್ತೀನಿ" ಎಂದರು. ಮಡಿಲ ತುಂಬ ಶೇಂಗಾ ಕಟ್ಟಿಕೊಟ್ಟರು. ಖಾಲಿ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಕೂತಾಗಲೇ, ತಾತನನ್ನು ಒಂದು ಮಾತು ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು.

ಮರುದಿನ ಬೆಳಿಗ್ಗೆ ತಾತ ಬಂದವರೇ ಮೇಜು ನೋಡಿದರು.

"ಎಂಜಿನ್ ಎಲ್ಲಮ್ಮ?"

"ಬಲಸಮುದ್ರದಲ್ಲಿದೆ ತಾತ."

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ರಷ್ಷುಗಳನ್ನು ಒಂದೊಂದಾಗಿ ಒರೆಸಿ, ಬಣ್ಣದ ಡಬ್ಬಗಳ ಮುಚ್ಚಳ ಒತ್ತಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಒಂದು ವಾರ ಕಳೆಯಿತು. ಅವರು ಬರಲಿಲ್ಲ. ಮಗಳ ಕೈಲಿ ಹೇಳಿಕಳಿಸಿದರೂ ಉತ್ತರವಿಲ್ಲ. ಮೂರು ಕೆಂಪು ಡಬ್ಬಿಗಳು ಮೇಜಿನ ಮೇಲೆ ಹಾಗೇ ನಿಂತಿದ್ದವು. ನಾನು ಹಿಂದಿನ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಒಳ್ಳೆಯದು ಮಾಡಲು ಹೋಗಿ ಒಬ್ಬ ಮುದುಕನ ಸಂತೋಷವನ್ನು ಕೆಡಿಸಿದೆನಲ್ಲ ಎಂದು ಯಜಮಾನರ ಮುಂದೆ ಅತ್ತೆ.

ಮತ್ತೊಂದು ವಾರದ ನಡುವೆ ಒಂದು ದಿನ ಡ್ರೈವರು ಮಾವ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಒಂದು ಕೈಯಲ್ಲಿ ಶೇಂಗಾ ಮೂಟೆ, ಇನ್ನೊಂದರಲ್ಲಿ ಎಂಜಿನ್ ಇಟ್ಟ ಟಿಫನ್ ಡಬ್ಬಿ. ನಾನು ಮಗಳಿಗೆ ಫೋನ್ ಮಾಡಿದೆ. ಅವಳು ಅಪ್ಪನಿಗೆ ಏನು ಹೇಳಿದಳೋ, ಅರ್ಧ ಗಂಟೆಯಲ್ಲಿ ತಾತ ತಮ್ಮ ಉಳಿದ ಸಾಮಾನು ತೆಗೆದುಕೊಂಡು ಹೋಗುತ್ತೇನೆಂದು ಬಂದರು. ಬಾಗಿಲಲ್ಲೇ ನಿಂತರು. ಸ್ಟೂಲಿನ ಮೇಲೆ ಮಾವ. ಅವರ ಪಕ್ಕದಲ್ಲಿ ಕಳ್ಳಂಬೆಳ್ಳದಿಂದ ಮದುವೆಗೆ ಬಳೆ ತೊಡಲು ಬಂದಿದ್ದ ತಾಯಿ ಮಗಳು.

"ಬಾವ, ರಾಡ್ ಸರಿ ಮಾಡಿದೀನಿ" ಎಂದರು ಮಾವ.

ತಾತ ನನ್ನ ಕಡೆ ತಿರುಗಿದರು. "ನನ್ನ ಎಂಜಿನ್ ಇಟ್ಟು ಹೋಗು ಅಂತ ಹೇಳಮ್ಮ ಅವ್ನಿಗೆ."

"ಹೊಗಳಕ್ಕೆ ಅಂದಿದ್ದು, ಚಾಡಿಗಲ್ಲ ಅಂತ ಹೇಳಮ್ಮ ಅವ್ನಿಗೆ" ಎಂದರು ಮಾವ.

"ಹೊಗಳಕ್ಕೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಅಂತ ಕೇಳು."

"ಬಾಗಿಲು ತೆಗೆದಿದ್ರೆ ಗೊತ್ತಾಗಿರೋದು ಅಂತ ಹೇಳು."

ನಾನು ಅತ್ತ ತಿರುಗಿ ಇತ್ತ ತಿರುಗಿ ಸುಸ್ತಾದೆ. ಮದುವೆ ಹೆಣ್ಣಿನ ಕೈಯಲ್ಲಿ ಅರ್ಧ ಡಜನ್ ಬಳೆ ಏರಿ ನಿಂತಿದ್ದವು. ಅವಳ ತಾಯಿ ಕೊನೆಗೆ ತಡೆಯಲಾಗದೆ, "ಅಯ್ಯೋ, ಇಬ್ರೂ ಎದುರುಬದುರು ಅವ್ರೆ, ನೇರ ಮಾತಾಡ್ಬಾರ್ದಾ? ನಮ್ಮ ಬಸ್ಸಿನ ಟೈಮಾಯ್ತು!" ಎಂದು ಕೂಗಿದಳು.

ತಾತ ಒಳಗೆ ಬಂದು ಟಿಫನ್ ಡಬ್ಬಿಯ ಮುಚ್ಚಳ ತೆಗೆದರು. ಎಂಜಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಎರಡನೆಯ ಗುಮ್ಮಟ ಬಂದಿತ್ತು. ರಾಡು ಸರಿಯಾಗಿತ್ತು. ಚಿಮಣಿಯ ಹತ್ತಿರ ಬಂದು ಅವರ ಕಣ್ಣು ಕಿರಿದಾಯಿತು.

"ಲೇ, ಚಿಮಣಿಗೆ ನೀನು ಬಣ್ಣ ಹಚ್ಚಿದ್ಯೇನ್ಲಾ?"

"ಹೂಂ ಬಾವ."

"ಒಣಗೋ ಮೊದ್ಲೇ ಮುಟ್ಟಿದೀಯ. ಹೆಬ್ಬೆಟ್ಟಿನ ಗುರುತು ಹಂಗೇ ಬಿದ್ದೈತೆ. ಥೂ, ಯಾರಾದ್ರೂ ಇಂಗೆ ಹಚ್ತಾರೇನ್ಲಾ?"

ಅಷ್ಟು ವರ್ಷಗಳ ಮೇಲೆ ಅವರು ಭಾಮೈದನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮಾವ ಮೀಸೆ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡರು.

ಅಂದು ಸಂಜೆ ಹಿಂದಿನ ಕೋಣೆಯಲ್ಲಿ ಮಾವ ಮಂಡಿಯೂರಿ ಮೇಜಿಗೆ ಕೆನ್ನೆ ತಾಗಿಸಿ, ಅಂಚಿಗೆ ಇಟ್ಟಿದ್ದ ಡಬ್ಬಿಗಳ ತಳವನ್ನು ನೋಡಿದರು. ಮೆಟ್ಟಿಲ ಕೆಳಗೆ ಹೂ ಇರಲಿಲ್ಲ. ಬರೆ ಎಂದರು. ತಾತ ಬೇಡವೆಂದರು. ನಾನು ಬರೆಯಲೇ ಎಂದು ಬ್ರಷ್ಷು ತೆಗೆದೆ. ತಾತ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದು ನಿಧಾನವಾಗಿ ಇಳಿಸಿದರು. ಆದರೂ ಕೈ ನಡುಗಿತು. ಕಿತ್ತಳೆ ಬಣ್ಣ ದುಂಡಗೆ ಹರಡಿಕೊಂಡಿತು.

"ಬಾವ, ನಮ್ಮಕ್ಕ ಯಾವತ್ತೂ ಟೊಮ್ಯಾಟೊ ಮುಡಿದಿರ್ಲಿಲ್ಲ" ಎಂದರು ಮಾವ.

ತಾತ ನಕ್ಕದ್ದು ನೋಡಬೇಕಿತ್ತು. ಮೇಜು ಅಲುಗಿ ಡಬ್ಬಿಗಳು ತಾವಾಗಿಯೇ ಒಂದು ಗೇಣು ಮುಂದೆ ಹೋದವು. ಉಳಿದೆರಡಕ್ಕೂ ಟೊಮ್ಯಾಟೊವನ್ನೇ ಬರೆದರು.

ಆಮೇಲಿನ ವರ್ಷಗಳು ನನ್ನ ಅಂಗಡಿಯ ಒಳ್ಳೆಯ ವರ್ಷಗಳು. ಗೋಡೆಯುದ್ದಕ್ಕೂ ಹಲಗೆ ಹೊಡೆಸಿ ಹಳಿ ಹಾಕಿದೆವು. ಹಿಂದಿನ ಕೋಣೆಯಿಂದ ಹೊರಟು, ಗೋಡೆಯ ತೂತಿನಲ್ಲಿ ನುಗ್ಗಿ, ಕನ್ನಡಿಯ ಮುಂದೆ ಹಾದು, ಕೌಂಟರಿನ ಹತ್ತಿರ ಬಂದು ರೈಲು ನಿಲ್ಲುತ್ತಿತ್ತು. ಡಬ್ಬಿಗಳ ಹಿಂದೆ ತಾತ ಒಂದು ತೆರೆದ ಗಾಡಿಯನ್ನೂ ಸೇರಿಸಿದ್ದರು. ಅದರಲ್ಲಿ ಸ್ಟಿಕ್ಕರು, ಸೇಫ್ಟಿಪಿನ್ನು ಬರುತ್ತಿದ್ದವು. ಶಿರಾದಿಂದ, ಕೊರಟಗೆರೆಯಿಂದ ಬಂದ ಹೆಂಗಸರು ಬೇಕಿರಲಿ ಬೇಡದಿರಲಿ ಒಂದು ಪ್ಯಾಕೆಟ್ಟು ರೈಲಿನಲ್ಲೇ ತರಿಸಿ ಎನ್ನುತ್ತಿದ್ದರು. ಮಾವ ವಾರಕ್ಕೊಮ್ಮೆ ಬಲಸಮುದ್ರದಿಂದ ಬರುತ್ತಿದ್ದರು. ಕರೆಂಟು ಕೊಡುವ ಗುಂಡಿ ಅವರದು. ಬಾಯಲ್ಲೇ ಕೂಗು ಹಾಕುತ್ತ ರೈಲನ್ನು ಬಿರುಸಾಗಿ ಓಡಿಸುತ್ತಿದ್ದರು. ತಿರುವಿನಲ್ಲಿ ಡಬ್ಬಿಗಳು ವಾಲುತ್ತಿದ್ದವು. "ನಿಧಾನ ಕಣ್ಲಾ! ನೀನು ಓಡ್ಸಿದ್ದು ಯಾವತ್ತು ಇಷ್ಟು ಜೋರಾಗಿ? ಪೇಂಟು ಕಿತ್ತೋಗ್ತದೆ!" ಎಂದು ತಾತ ಕೂಗುತ್ತಿದ್ದರು. ಮಾವ ಕೇಳಿಸಿಕೊಳ್ಳುತ್ತಿರಲಿಲ್ಲ. ಇಬ್ಬರ ಗಲಾಟೆಗೆ ಪಕ್ಕದ ಗ್ಯಾರೇಜಿನವರೂ ಬಂದು ನಿಲ್ಲುತ್ತಿದ್ದರು.

ತಾತ ಹೋಗಿ ಎರಡು ವರ್ಷವಾಯಿತು. ಊಟ ಮಾಡಿ ಮಲಗಿದವರು ಏಳಲಿಲ್ಲ. ಹಿಂದಿನ ದಿನ ನನಗೆ ಹೊಸ ಬ್ರಷ್ಷು ತರಿಸು ಎಂದು ಹೇಳಿಹೋಗಿದ್ದರು... ಬ್ರಷ್ಷು ಬಂತು. ಅದರ ಪ್ಯಾಕೆಟ್ಟು ತೆರೆಯಲು ನನಗೆ ಬಹಳ ದಿನ ಹಿಡಿಯಿತು. ಮಗಳು ರೈಲನ್ನು ಮಾವನಿಗೆ ಕೊಡೋಣ ಎಂದಳು. ನಾನೇ ಹತ್ತಿಯಲ್ಲಿ ಸುತ್ತಿಕೊಟ್ಟೆ. ಹಳಿ ತೆಗೆದ ಮೇಲೆ ಗೋಡೆಯ ತೂತನ್ನು ಮುಚ್ಚಿಸಿದೆ.

ರ‍್ಯಾಕು ಹಾಕಿಸಿದ ಮರುವಾರ ಬಲಸಮುದ್ರಕ್ಕೆ ಹೋದೆ. ಮಾವನಿಗೆ ಈಗ ಕಿವಿ ಮಂದ. ನಡೆಯಲು ಕೋಲು ಬಂದಿದೆ. ಪಡಸಾಲೆಯಲ್ಲಿ ಮಂಚದ ಸುತ್ತ ಹಳಿ ಹಾಕಿಸಿಕೊಂಡಿದ್ದಾರೆ. ನನ್ನನ್ನು ನೋಡಿ ಖುಷಿಯಿಂದ ಗುಂಡಿ ತಿರುಗಿಸಿದರು. ರೈಲು ಹೊರಟಿತು. ಎಷ್ಟು ನಿಧಾನವೆಂದರೆ ಚಕ್ರದ ರಾಡು ಮೇಲೆ ಹೋಗಿ ಕೆಳಗೆ ಬರುವುದನ್ನು ಎಣಿಸಬಹುದಿತ್ತು. ಮೋಟಾರು ಹಳೆಯದಾಯಿತೇನೋ ಎಂದುಕೊಂಡೆ.

"ಯಾಕೆ ಮಾವ, ಮೋಟಾರು ಕೆಟ್ಟಿದೆಯಾ? ಇಷ್ಟು ಮೆಲ್ಲಗೆ ಹೋಗ್ತಿದೆ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ.

"ಮೋಟಾರು ಚಂದಾಗೈತಮ್ಮ" ಎಂದರು. ಕಣ್ಣು ರೈಲಿನ ಮೇಲೇ ಇತ್ತು. "ಜೋರಾಗಿ ಓಡ್ಸುದ್ರೆ ಬಯ್ಯೋನಿಲ್ವಲ್ಲ."

ಎಂಜಿನ್ನು ಮಂಚದ ಕಾಲು ಬಳಸಿ ಬಂತು. ಅದರ ಹಿಂದೆ ಮೂರು ಡಬ್ಬಿಗಳು ಒಂದಿಷ್ಟೂ ವಾಲದೆ ಬಂದವು. ನಾವಿಬ್ಬರೂ ನೋಡುತ್ತ ಕೂತೆವು. ಪಾವಗಡದ ಬಸ್ಸಿಗೆ ಇನ್ನೂ ಹೊತ್ತಿತ್ತು.